ಆರುನೂರ ಎಂಬತ್ತೆಂಟನೆಯವನು

...ಅಳಿಸಿಬಿಟ್ಟೆ ಕಣೋ, ಬೇಜಾರು ಮಾಡ್ಕೋಬೇಡ, ಈ ಧ್ವನಿ ಸಂದೇಶ ಮತ್ತೆ ಮೊದಲಿಂದ ಶುರು ಮಾಡ್ತಿದೀನಿ. ಇದು ನಾಲ್ಕನೇ ಸಲ. ಮೊದಲನೇದರಲ್ಲಿ ಬರೀ ಬೈಗುಳ ಇತ್ತು. ಎರಡನೇದರಲ್ಲಿ ಹುಲ್ಲು ಕತ್ತರಿಸೋ ಯಂತ್ರದ ಸದ್ದು. ಮೂರನೇದನ್ನ ನಾನೇ ಕೇಳಿಸ್ಕೊಂಡೆ, ಯಾರೋ ಮುದುಕ ಮೂಗು ಸೊರಸೊರ ಅನ್ನಿಸ್ತಿದ್ದ, ನಾಚಿಕೆ ಆಯ್ತು. ಸರಿ. ಊರು ಅಸ್ಕರ್‌ಬಿ, ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ, ಬೆಳಿಗ್ಗೆ ಹತ್ತು. ಮೈದಾನದ ಹಿಂದಿನ ಬಾಯ್ಲರ್ ಕೋಣೇಲಿ ಕೂತಿದೀನಿ. ಯಾವ ಕೋಣೆ ಅಂತ ನಿನಗೆ ಚೆನ್ನಾಗಿ ಗೊತ್ತು.

ಪ್ರೀತಿಯ ತಮ್ಮ ಕ್ರೇಗ್, ಹೇಗಿದೀಯ? ಹೊಸ ಸೊಂಟ ಹೊಂದಿಕೊಳ್ತಾ? ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು ಇಡು, ಇಳಿಯುವಾಗ ಕೆಟ್ಟ ಕಾಲು ಮೊದಲು, ಅಮ್ಮನಿಗೆ ಹಾಗೇ ಹೇಳಿಕೊಟ್ಟಿದ್ರು. ನಿನ್ನವಳು ಲೀಯಾನ್ ಹೇಗಿದ್ದಾಳೆ? ಆಸ್ಟ್ರೇಲಿಯಾದ ನಿಮ್ಮ ಟೌನ್ಸ್‌ವಿಲ್ಲಲ್ಲಿ ಈಗಲೂ ಬೆವರು ಸುರೀತಿದೆ ಅಂತ ಅವಳು ಫೋಟೋ ಹಾಕಿದ್ಲು, ಈಜುಕೊಳದ ಪಕ್ಕ ನೀನು, ಕೈಯಲ್ಲಿ ತಣ್ಣನೆ ಲೋಟ. ನಾನು ಅದನ್ನ ನೋಡಿದ್ದು ಗೋಲ್ ಗೆರೆ ಹತ್ತಿರ ಮೊಣಕಾಲುದ್ದ ಕೆಸರಲ್ಲಿ ನಿಂತು. ಇಷ್ಟ ಅಂತ ಒತ್ತಿದೆ. ಇಷ್ಟ ಆಗಿರಲಿಲ್ಲ. ಇನ್ನು ನಿನ್ನ ತಲೆ ವಿಷಯ. ಹೆಸರುಗಳು ಮರೆತುಹೋಗ್ತಿವೆ ಅಂದಿದ್ದೆಯಲ್ಲ, ಡಾಕ್ಟರ ಹತ್ತಿರ ಹೋದೆಯಾ? ಹದಿನಾಲ್ಕು ವರ್ಷ ರಗ್ಬಿ ಆಡಿ ಆ ಬಂಡೆಯಂಥವರಿಗೆ ತಲೆ ಕೊಟ್ಟವನು ನೀನು. ತಮಾಷೆ ಮಾಡಿ ತೇಲಿಸಬೇಡ, ಹೋಗಿ ತೋರಿಸ್ಕೋ. ಇದೊಂದು ಮಾತನ್ನ ನಾನು ಹೊಟ್ಟೆಕಿಚ್ಚಿಲ್ಲದೆ ಹೇಳ್ತಿದೀನಿ. ಉಳಿದಿದ್ದೆಲ್ಲ ಹೊಟ್ಟೆಕಿಚ್ಚಿನ ಮಾತೇ, ತಿಳ್ಕೊಂಡು ಕೇಳು.

ಕಳೆದ ತಿಂಗಳು ನಿನ್ನ ರೇಡಿಯೋ ಸಂದರ್ಶನ ಕೇಳಿದೆ. ಚಿಪ್ಸ್ ಅಂಗಡೀಲಿ ಅದನ್ನೇ ಜೋರಾಗಿ ಹಾಕಿದ್ರು, ಆ ಅಂಗಡಿಯ ಪಕ್ಕದ ಗೋಡೆ ಮೇಲೇ ಈಗ ನಿನ್ನ ಚಿತ್ರ ಬರೀತಿದ್ದಾರೆ, ಎರಡು ಮಾಳಿಗೆ ಎತ್ತರ. ಮೂಗು ಒಂದೇ ಬಾಗಿಲಷ್ಟಿದೆ. ಏಣಿ ಯಾರದು ಅಂತೀಯ? ನಂದು. ಕ್ಲಬ್ಬಿನ ಏಣಿ ಬೇಕು ಅಂದ್ರು, ಕೊಟ್ಟೆ. ಆ ಸಂದರ್ಶನದಲ್ಲಿ ಹುಡುಗಿ ನಿನ್ನ ಮೊದಲ ಪಂದ್ಯದ ಬಗ್ಗೆ ಕೇಳಿದಳು. ನೀನು ಒಂದು ಕ್ಷಣವೂ ತಡವರಿಸಲಿಲ್ಲ. "ತೊಂಬತ್ಮೂರರ ಜನವರಿ, ಕೊನೆಯ ಎರಡು ನಿಮಿಷ, ಎರಡು ಪಾಯಿಂಟ್ ಮುಂದಿದ್ವಿ, ಆ ದೈತ್ಯ ಕಲಿಂಗ್‌ವರ್ತ್ ಚೆಂಡು ಹಿಡಿದು ನುಗ್ಗಿದ, ನಾನು ಅವನ ಕಣಕಾಲಿಗೆ ಬಿದ್ದೆ, ಗೆರೆಗೆ ಒಂದು ಗೇಣು ಮೊದಲೇ ಅವನು ಮರದ ಹಾಗೆ ಉರುಳಿದ" ಅಂದೆ ನೀನು. ಮರದ ಹಾಗೆ! ಅದು ಅಪ್ಪನ ಮಾತು. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದ್ರು. ನನ್ನ ಮೀನು ತಣ್ಣಗಾಯ್ತು. ನೀನು ಬೇಕಂತಲೇ ಸುಳ್ಳು ಹೇಳಿದೆಯೋ, ಅಥವಾ ಅಷ್ಟು ಸಲ ಕೇಳಿ ಕೇಳಿ ನಿನಗೆ ಹಾಗೇ ನೆನಪಾಗ್ತಿದೆಯೋ, ಅದು ತಿಳೀದೆ ಒಂದು ತಿಂಗಳಿಂದ ಒದ್ದಾಡ್ತಿದೀನಿ.

ಅದಕ್ಕೇ ನೆನಪು ಮಾಡ್ತೀನಿ, ಕೇಳು. ಆ ಶುಕ್ರವಾರ ನೀನು ಕ್ಲಬ್ಬಿಗೆ ಸಹಿ ಹಾಕಿದೆ, ಹದಿನೇಳು ವರ್ಷ. ಶನಿವಾರ ಗೆಳೆಯರ ಜೊತೆ ಕುಡಿದೆ, ಅದರ ಮೇಲೆ ಯಾವುದೋ ಹಳಸಿದ ಮಾಂಸದ ಪೈ ತಿಂದೆ. ಭಾನುವಾರ ಮಧ್ಯಾಹ್ನ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಇದೇ ಬಾಯ್ಲರ್ ಕೋಣೇಲಿ ಬಕೆಟ್ ತಬ್ಬಿಕೊಂಡು ಮಲಗಿದ್ದೆ. ಆಗಲೇ ನಾಲ್ಕು ಜನಕ್ಕೆ ಗಾಯ, ಬೆಂಚಿಗೆ ಆಳಿಲ್ಲ. ಕೋಚ್ ನಾರ್ಮನ್ ಬಾಗಿಲಲ್ಲಿ ನಿಂತು ನಿನ್ನ ನೋಡಿದ, ನಿನಗೆ ನೀರು ತಂದಿದ್ದ ನನ್ನ ನೋಡಿದ. "ರಸೆಲ್, ನಿನ್ನ ಬೂಟಿನ ಅಳತೆ ಎಷ್ಟು?" ಅಂದ. "ನನ್ನ ಹೆಸರು ದಾಖಲಾಗಿಲ್ಲ ನಾರ್ಮನ್" ಅಂದೆ. "ಇವತ್ತು ನೀನು ಕ್ರೇಗ್. ಬಾಯಿ ಮುಚ್ಚಿಕೊಂಡು ಬೆಂಚಲ್ಲಿ ಕೂತಿರು, ಕರೆದ್ರೆ ಓಡು. ಸಿಕ್ಕಿಬಿದ್ರೆ ಗೆದ್ದ ಪಾಯಿಂಟೂ ಹೋಗುತ್ತೆ, ನನ್ನ ಕುತ್ತಿಗೆಯೂ ಹೋಗುತ್ತೆ." ವರ್ಷದ ಹಿಂದೆ ಇದೇ ನಾರ್ಮನ್ ನನ್ನ ಭುಜ ಹಿಸುಕಿ ನೋಡಿ, "ಭಾರ ಇಲ್ಲ ಮರಿ, ಗಾಳಿಗೆ ಹಾರಿಹೋಗ್ತೀಯ" ಅಂತ ವಾಪಸ್ ಕಳಿಸಿದ್ದ. ಹದಿನಾಲ್ಕನೇ ನಂಬರಿನ ಜೆರ್ಸಿ ಹಾಕ್ಕೊಂಡೆ. ಕೊನೆಯ ಇಪ್ಪತ್ತು ನಿಮಿಷ ಆಡಿದೆ. ಐದನೇ ನಿಮಿಷಕ್ಕೆ ಯಾರು ಯಾರು ಅಂತ ಹೆತ್ತವರಿಗೂ ಗುರುತು ಸಿಗದಷ್ಟು ಕೆಸರು. ಕಲಿಂಗ್‌ವರ್ತ್‌ನ ಮೊಣಕಾಲು ನನ್ನ ಮೂಗಿಗೆ ಬಡೀತು. ಕಣಕಾಲು ಮಾತ್ರ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಇಲ್ಲಿಗೆ ಓಡಿಬಂದು ಜೆರ್ಸಿ ಬಿಚ್ಚಿದೆ, ನೀನು ಹಾಕ್ಕೊಂಡೆ, ಅದರ ಕೆಸರನ್ನೇ ತೆಗೆದು ನಿನ್ನ ಹಸಿರುಗಟ್ಟಿದ ಮುಖಕ್ಕೆ ಬಳ್ಕೊಂಡೆ. ನಾನು ಬಾಗಿಲ ಸಂದಿಯಿಂದ ನೋಡ್ತಾ ನಿಂತೆ. ಹೊರಗೆ ಅಪ್ಪ ನಿನ್ನ ಭುಜ ತಟ್ಟಿದ. "ಮರದ ಹಾಗೆ ಉರುಳಿಸಿದೆ ಮಗನೇ" ಅಂದ.

ಮುಂದಿನ ವಾರ ನೀನು ನಿಜವಾಗಿ ಆಡಿದೆ, ಚೆನ್ನಾಗೇ ಆಡಿದೆ. ಇಲ್ಲ ಅಂತ ಯಾರಂದ್ರು? ಹದಿನಾಲ್ಕು ವರ್ಷ, ಮೂರು ಕ್ಲಬ್ಬು, ವೆಂಬ್ಲಿಯಲ್ಲಿ ಫೈನಲ್, ದೇಶದ ಜೆರ್ಸಿ, ಆಮೇಲೆ ಆಸ್ಟ್ರೇಲಿಯಾ. ಅದೆಲ್ಲ ನಿಂದು. ನಾನು ಗಾಜಿನ ಕಾರ್ಖಾನೆಗೆ ಹೋದೆ, ಅದು ಮುಚ್ಚಿದ ಮೇಲೆ ಇಲ್ಲಿ ಹುಲ್ಲು ನೋಡ್ಕೊಳ್ಳೋ ಕೆಲಸಕ್ಕೆ ಬಂದೆ. ನೀನು ಬೀಳೋ ಜಾಗವನ್ನ ಮೆತ್ತಗೆ ಮಾಡೋ ಕೆಲಸ ಅಂತ ಅಪ್ಪ ನಗ್ತಿದ್ದ. ಆದರೆ ಆ ಸಂಖ್ಯೆ, ಕ್ರೇಗ್! ಕ್ಲಬ್ಬಿಗೆ ಮೊದಲ ಸಲ ಆಡಿದ ಕ್ರಮದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಅಂತ ಹಂಚಿದಾಗ, ಆ ಭಾನುವಾರದ ಲೆಕ್ಕದಲ್ಲಿ ನಿನಗೆ ಆರುನೂರ ಎಂಬತ್ತೆಂಟು ಬಂತು. ಸತ್ತರೂ ಅಳಿಯದ ಸಂಖ್ಯೆ. ನೀನು ಅದನ್ನ ಕಾಲಿನ ಮೀನಖಂಡದ ಮೇಲೆ ಹಚ್ಚೆ ಹಾಕಿಸ್ಕೊಂಡೆ. ನಾನು ಪ್ರತಿವರ್ಷ ಗೇಟಿನ ಹತ್ತಿರದ ಹಲಗೆಗೆ ಹೊಸ ಬಣ್ಣ ಹಚ್ತೀನಿ. ಹದಿನೈದು ವರ್ಷದಿಂದ ಆರು, ಎಂಟು, ಎಂಟು, ಕ್ರೇಗ್ ಟೆಂಪೆಸ್ಟ್. ನಿನ್ನ ಹೆಸರನ್ನ ನಿನಗಿಂತ ಚೆನ್ನಾಗಿ ನಾನು ಬರೀತೀನಿ. ಒಂದು ವರ್ಷ ಕುಂಚ ನಿಂತುಹೋಯ್ತು, ಅರ್ಧ ಗಂಟೆ ಏಣಿ ಮೇಲೇ ಕೂತಿದ್ದೆ. ಆಮೇಲೆ ಬರೆದೆ.

ಅದಕ್ಕಿಂತ ಉರಿಸಿದ್ದು ಅಪ್ಪ. ಇಪ್ಪತ್ತೆರಡು ವರ್ಷ ಅದೇ ಟ್ಯಾಕಲ್‌ನ ಕಥೆ, ಕಣಕಾಲು ಹಿಡಿದು ಬೀಳಿಸಿದ ಕಥೆ. ಕ್ಲಬ್ಬಲ್ಲಿ, ಪಾರಿವಾಳದ ಗೂಡಿನ ಹತ್ತಿರ, ಕ್ರಿಸ್‌ಮಸ್ ಊಟದಲ್ಲಿ, ಅಜ್ಜಿಯ ಶವಸಂಸ್ಕಾರ ಮುಗಿಸಿ ಚಹಾ ಕುಡೀವಾಗಲೂ. "ನಮ್ಮ ಕ್ರೇಗ್ ಆ ಕಲಿಂಗ್‌ವರ್ತ್‌ನನ್ನ..." ನಾನು ಅಲ್ಲೇ ಕೂತು, ಸೊಟ್ಟ ಮೂಗಿಟ್ಟುಕೊಂಡು, ತಲೆ ಅಲ್ಲಾಡಿಸಬೇಕು. ನೀನು ಒಂದೇ ಒಂದು ಸಲ "ಅಪ್ಪಾ, ಅದು ರಸೆಲ್" ಅನ್ನಬಹುದಿತ್ತು. ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅಪ್ಪ ಗೆರೆ ಹತ್ತಿರ ಬಾವುಟ ಹಿಡಿಯೋ ಅಂಪೈರ್ ಆಗಿದ್ದವನು. ಇನ್ನೊಬ್ಬನ ಹೆಸರಲ್ಲಿ ಆಡಿದ್ದು ಗೊತ್ತಾದ್ರೆ ತಾನೇ ಹೋಗಿ ಕ್ಲಬ್ಬಿನ ಮೇಲೆ ದೂರು ಕೊಡ್ತಿದ್ದ ಅಂತ ಹೆದರಿಕೆ.

ಈಗ ಹೊಸ ಸುದ್ದಿ. ಗುಡ್ ಫ್ರೈಡೇ ಪಂದ್ಯದ ದಿನ ಗೇಟಿನ ಹಲಗೆ ತೆಗೆದು ಕಪ್ಪು ಕಲ್ಲು ನಿಲ್ಲಿಸ್ತಾರೆ, ಹೆಸರೆಲ್ಲ ಕೆತ್ತಿಸಿ. ಕಲ್ಲಲ್ಲಿ ಒಂದು ಸಲ ಬಂದ್ರೆ ಬಂತು. ಅದಕ್ಕೇ ನಮ್ಮ ಮಾರೀನ್ ಆಂಟಿ, ಎಂಬತ್ತೊಂದು ವರ್ಷ ಅವರಿಗೆ, ಕ್ಲಬ್ಬಿನ ದಾಖಲೆಗಳನ್ನೆಲ್ಲ ಮತ್ತೆ ಜಾಲಾಡ್ತಿದ್ದಾರೆ. ಆರುನೂರ ತೊಂಬತ್ತನೆಯವನು ಬೆಂಚಲ್ಲಿ ಕೂತಿದ್ದನೇ ಹೊರತು ಮೈದಾನಕ್ಕೆ ಇಳಿದೇ ಇರಲಿಲ್ಲ ಅಂತ ಕಂಡುಹಿಡಿದು, ಅವನನ್ನ ತೆಗೆದುಹಾಕಿದ್ರು. ಆ ಸಂಖ್ಯೆ ಖಾಲಿ ಇದೆ. ನೆನಪಿಟ್ಕೋ, ಆಮೇಲೆ ಬೇಕಾಗುತ್ತೆ. ನಿನ್ನೆ ಬರ್ನಾರ್ಡ್ ಸೈಕ್ಸ್‌ನ ಹೆಂಡತಿ ಒಂದು ಚೀಲ ತುಂಬಾ ಹಳೇ ವಿಡಿಯೋ ಟೇಪು ತಂದುಕೊಟ್ಟಳು. ಬರ್ನಾರ್ಡ್ ಗೊತ್ತಲ್ಲ, ಸ್ಟ್ಯಾಂಡಲ್ಲಿ ಯಾವಾಗಲೂ ಅಪ್ಪನ ಪಕ್ಕ ಕ್ಯಾಮೆರಾ ಹಿಡಿದು ನಿಲ್ತಿದ್ದವನು. ಇವತ್ತು ಬೆಳಿಗ್ಗೆ ಎಂಟಕ್ಕೆ ಮಾರೀನ್ ಆಂಟಿ ನನ್ನ ಕರೆದ್ರು. "ರಸೆಲ್, ಕೂತ್ಕೋ ಮಗಾ. ಚಹಾ ಕುಡಿ. ಇದನ್ನ ನೋಡು."

ನೋಡಿದೆ. ಚಿತ್ರದಲ್ಲಿ ಏನೂ ಇಲ್ಲ, ಕೆಸರು, ಕೆಸರಿನ ಮೇಲೆ ಕೆಸರು. ಕಲಿಂಗ್‌ವರ್ತ್ ಉರುಳ್ತಾನೆ. ಹದಿನಾಲ್ಕನೇ ನಂಬರಿನವನು ಬಿದ್ದಲ್ಲೇ ಬಿದ್ದಿದ್ದಾನೆ, ಅಲ್ಲಾಡ್ತಿಲ್ಲ. ಆಗ ಕ್ಯಾಮೆರಾದ ಪಕ್ಕದಲ್ಲೇ ಅಪ್ಪನ ಗಂಟಲು. ಅಪ್ಪ ಹೋಗಿ ಹತ್ತು ವರ್ಷ, ಅಂದಿನಿಂದ ಕೇಳಿರಲಿಲ್ಲ ಆ ಗಂಟಲು. "ರಸೆಲ್! ಏಳೋ! ರಸೆಲ್, ಏಳು ಮಗನೇ!" ಹದಿನಾಲ್ಕನೆಯವನು ಎದ್ದ. ಆಮೇಲೆ ಸಣ್ಣ ದನಿಯಲ್ಲಿ ಅಪ್ಪ, "ನೀನೇನೂ ಕೇಳಿಸ್ಕೊಂಡಿಲ್ಲ ಬರ್ನಾರ್ಡ್."

ಮಾರೀನ್ ಆಂಟಿ ಮೂರು ಸಲ ಹಾಕಿ ತೋರಿಸಿದ್ರು. ನಾಲ್ಕನೇ ಸಲ ನಾನೇ ಬೇಡ ಅಂದೆ.

ಕ್ರೇಗ್, ಅವನಿಗೆ ಗೊತ್ತಿತ್ತು ಕಣೋ. ಬಾವುಟ ಹಿಡಿದ ಮನುಷ್ಯ ದೂರು ಕೊಡದೆ ನುಂಗಿಕೊಂಡ. ಆ ಸಂಜೆ ಪಾರಿವಾಳದ ಗೂಡಿನ ಏಣಿಯಿಂದ ಬಿದ್ದೆ ಅಂತ ಮೂಗು ತೋರಿಸಿದಾಗ, "ಏಣಿನಾ?" ಅಂದ, ಅಷ್ಟೇ. ಎರಡು ಹೆಬ್ಬೆರಳಲ್ಲಿ ಮೂಗು ನೆಟ್ಟಗೆ ಮಾಡೋಕೆ ನೋಡಿದ, ಆಗಿದ್ದು ಈ ಸೊಟ್ಟ ಮೂಗು. ಊಟಕ್ಕೆ ಕೂತಾಗ ತಟ್ಟೇಲಿ ಉಳಿದಿದ್ದ ಕೊನೇ ಯಾರ್ಕ್‌ಷೈರ್ ಪುಡ್ಡಿಂಗು, ಯಾವಾಗಲೂ ನಿನಗೆ ಹೋಗ್ತಿದ್ದದ್ದು, ನನ್ನ ತಟ್ಟೆಗೆ ಹಾಕಿ ಮೇಲೆ ಗ್ರೇವಿ ಸುರಿದ. ನಿನಗೆ ಹೊಟ್ಟೆ ಕೆಟ್ಟಿದೆ ಅದಕ್ಕೇ ಅಂತ ಅಂದ್ಕೊಂಡಿದ್ದೆ. ಈಗ ಒಂದು ಪ್ರಶ್ನೆ, ಬೇಗ ಉತ್ತರ ಕೊಡಬೇಡ, ಯೋಚಿಸಿ ಹೇಳು. ನಾನಿಲ್ಲದಾಗ, ನೀವಿಬ್ಬರೇ ಇದ್ದಾಗ, ಅಪ್ಪ ಒಂದು ಸಲವಾದರೂ ನಿನಗೆ ಆ ಟ್ಯಾಕಲ್ ಕಥೆ ಹೇಳಿದ್ದುಂಟಾ? ನಾನು ಬೆಳಿಗ್ಗೆಯಿಂದ ಒಂದೊಂದೇ ನೆನಪು ಮಾಡ್ಕೊಳ್ತಿದೀನಿ, ಕ್ಲಬ್ಬು, ಗೂಡು, ಕ್ರಿಸ್‌ಮಸ್. ಎಲ್ಲದರಲ್ಲೂ ನಾನಿದೀನಿ. ಎಷ್ಟೋ ಸಲ ನೀನು ಊರಲ್ಲೇ ಇರಲಿಲ್ಲ.

ಇಪ್ಪತ್ತೆರಡು ವರ್ಷ ಆ ಮಾತು ನನ್ನ ಕಿವಿಗೇ ಬೀಳ್ತಿತ್ತು, ನಾನು ಹಲ್ಲು ಕಡೀತಾ ಕೂತಿದ್ದೆ. ಈಗ ನೀನು ಸ್ವಲ್ಪ ಹೊಟ್ಟೆ ಉರ್ಕೋ. ಈಜುಕೊಳದ ಪಕ್ಕ ಕೂತು ಉರ್ಕೋ. ನನಗೆ ಸಂತೋಷ ಆಗುತ್ತೆ.

ಇಷ್ಟೇ. ಲೀಯಾನ್‌ಗೆ ಕೇಳಿದೆ ಅಂತ ಹೇಳು, ನಾಯಿಯ ತಲೆ ಸವರು. ನೀನು ಚೆನ್ನಾಗಿರು, ಕೋಲು ಹಿಡಿದು ನಡಿ. ನಿನ್ನ ಅಣ್ಣ, ಸೊಟ್ಟ ಮೂಗಿನ ರಸೆಲ್.

ಹಾಂ, ತಡಿ, ಇಡಬೇಡ, ಇನ್ನೊಂದು ಮಾತು. ಕಲ್ಲು ಕೆತ್ತೋನು ಇವತ್ತು ಬರ್ತಾನೆ. ಯಾವ ಹೆಸರು ಅಂತ ನಾನೇ ಹೇಳಬೇಕಂತೆ, ಮಾರೀನ್ ಆಂಟಿ ನನಗೇ ಬಿಟ್ಟಿದ್ದಾರೆ. ಮೂವತ್ತೆರಡು ವರ್ಷದ ಹಿಂದಿನ ಪಾಯಿಂಟು ಈಗ ಯಾರೂ ಕಿತ್ಕೊಳ್ಳಲ್ಲ. ನಾನು ದೊಡ್ಡ ಮನಸ್ಸು ಮಾಡಿ ನಿನಗೇ ಬಿಟ್ಟುಕೊಡ್ತೀನಿ ಅಂತ ಕಾಯ್ತಿದೀಯೇನೋ. ಬಿಡಲ್ಲ. ಆರುನೂರ ಎಂಬತ್ತೆಂಟು ರಸೆಲ್ ಟೆಂಪೆಸ್ಟ್. ಎಂಬತ್ತೊಂಬತ್ತು ಗ್ಲೆಡ್‌ಹಿಲ್, ಅವನು ನಿನ್ನ ಜೊತೆ ಆ ಪಂದ್ಯದ ಮುಂದಿನ ವಾರ ಶುರು ಮಾಡಿದ್ದ. ತೊಂಬತ್ತು ನೀನು. ಬಸ್ ನಿಲ್ದಾಣದ ಹತ್ತಿರದ ಹಚ್ಚೆಯವನು ನಡುವಿನ ಎಂಟನ್ನ ಒಂಬತ್ತು ಮಾಡೋದು ಸುಲಭ, ಕೊನೇ ಎಂಟನ್ನ ಸೊನ್ನೆ ಮಾಡೋದು ಕಷ್ಟ ಅಂದ. ಕೇಳಿಟ್ಟಿದೀನಿ. ಆ ದಿನ ಹಳಬರೆಲ್ಲ ಸಂಖ್ಯೆಯ ಕ್ರಮದಲ್ಲಿ ಸಾಲಾಗಿ ಮೈದಾನಕ್ಕೆ ನಡೀಬೇಕು. ಟಿಕೆಟ್ ತಗೋ, ಸೊಂಟ ಗಿಂಟ ಅನ್ನಬೇಡ, ಬಾ. ಬಂದು ನನ್ನ ಹಿಂದೆ ನಿಲ್ಲು. ನಡುವೆ ಗ್ಲೆಡ್‌ಹಿಲ್ ಇರ್ತಾನೆ, ಈಗ ಅವನು ಬೀರುವಿನಷ್ಟು ಅಗಲ ಆಗಿದ್ದಾನೆ, ನಾನು ನಿನಗೆ ಕಾಣಿಸಲ್ಲ. ಅವನನ್ನ ಸ್ವಲ್ಪ ಬಗ್ಗು ಅನ್ನೋಣ. ನೀನು ನೋಡಬೇಕು ಕಣೋ, ನೀನು ನೋಡದಿದ್ರೆ ಏನು ಪ್ರಯೋಜನ...

"ರಸೆಲ್! ಕಲ್ಲಿನೋನು ಬಂದಿದಾನೆ ಮಗಾ, ಹೆಸರು ಹೇಳ್ತೀಯೋ ಇಲ್ವೋ?"

ಬಂದೆ ಆಂಟಿ, ಬಂದೆ! ಇಡ್ತೀನಿ ಕ್ರೇಗ್.