ಚಾಪೆಯ ಮೇಲೆ ಹನ್ನೊಂದು ಆಟಿಕೆ

ಹೊಸಕೋಟೆ
14-2-1966

ಪ್ರೀತಿಯ ಮಾರಕ್ಕನಿಗೆ ತಮ್ಮ ಮುನಿರಾಮಯ್ಯನ ನಮಸ್ಕಾರಗಳು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಅದು ಸುಲಭ. ನಮ್ಮ ಅಂಗಡಿಯಿಂದ ಮನೆಗೆ ತಂದ ಆಟಿಕೆ, ಬಂದವರಿಗೆ ಉಪ್ಪಿಟ್ಟು ಕಾಫಿ, ಹಿರಿಯರಿಗೆ ಎಲೆ ಅಡಿಕೆ, ಎಲ್ಲ ಸೇರಿ ಇಪ್ಪತ್ತಾರು ರೂಪಾಯಿ. ಕೂಸು ಅಪ್ಪನ ಊರು ನಂದಗುಡಿಗೆ ಹೋಯಿತು. ಈ ಕೊನೆಯ ಬಾಬ್ತು ಬರೆಯಲು ಕೈ ಬಾರದೆ ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡಲಿಲ್ಲ. ಕೋಪ ಮಾಡಿಕೊಳ್ಳಬೇಡ.

ನಮ್ಮ ಅನುಸೂಯ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳ ಮಗ ರಾಮಾಂಜಿ ನಮ್ಮಲ್ಲೇ ಇದ್ದನಲ್ಲ. ಈಗಷ್ಟೇ ತಪ್ಪು ಹೆಜ್ಜೆ ಇಡುತ್ತಿದ್ದ. ಅಳಿಯನ ತಾಯಿ ಅಕ್ಕಯಮ್ಮ ಬಂದು, "ನಮ್ ವಂಶದ ಕೂಸು, ಕೊಟ್ಬಿಡಿ" ಎಂದು ಕೂತರು. "ನಿಮ್ ಮಗ ಆಗ್ಲೇ ಇನ್ನೊಂದ್ ಹೆಣ್ಣು ನೋಡ್ತಾವ್ನಂತೆ. ಮಲತಾಯಿ ಕೈಗೆ ಕೊಡಲ್ಲ" ಎಂದೆ. ಎರಡೂ ಕಡೆಗೆ ಬೇಕಾದ ವೆಂಕಟರಮಣಪ್ಪನವರು ತೀರ್ಮಾನ ಹೇಳಿದರು: "ಯಾಕ್ರಪ್ಪಾ ಕಿತ್ತಾಡ್ತೀರಾ? ಭಾನುವಾರ ಕೂಸನ್ನ ಚಾಪೆ ಮೇಲೆ ಬಿಡಾನ. ಯಾರ್ ಹತ್ರ ಹೋಗ್ತದೋ ಅವರ ಮನೇಲಿ ಬೆಳೀಲಿ. ಆಟಿಕೆ ಬೇಕಾದ್ರೆ ಇಟ್ಕೊಳ್ಳಿ." ಇಬ್ಬರೂ ಒಪ್ಪಿದೆವು.

ಮನೆಯವಳು ಪಾಪಮ್ಮ, "ಒಂದೇ ಸಾಕು ಕಣ್ರೀ, ಆ ಮರದ ಗಿಲಕಿ. ಮಗಾ ಒಂದ್ ಸಾಮಾನು ಕಂಡ್ರೆ ಆಡ್ತದೆ, ಸಂತೆ ಕಂಡ್ರೆ ಅಳ್ತದೆ" ಎಂದಳು.

"ಅಂಗಡಿ ನಡೆಸೋನು ನಾನಾ, ನೀನಾ?"

ತಲೆಯ ಮೇಲೆ ಬುಟ್ಟಿ ಹೊತ್ತು ಶುರುಮಾಡಿದವನು ನಾನು. ತುಂಬಿದ ಅಂಗಡಿಗೇ ಗಿರಾಕಿ ನುಗ್ಗುವುದನ್ನು ಕಂಡಿದ್ದೇನೆ. ಇಪ್ಪತ್ತು ಇಡುವವನು ಅವಳ ಬಾಯಿಗೆ ಹೆದರಿ ಹನ್ನೊಂದಕ್ಕೆ ಇಳಿದೆ. ಅವಳು ಒಂದರಿಂದ ಮೇಲೇಳಲಿಲ್ಲ.

ಭಾನುವಾರ ಚಾಪೆಯ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅಕ್ಕಯಮ್ಮ ಕೂತೆವು. ನನ್ನ ಮುಂದೆ ತಗಡಿನ ಮೋಟಾರು, ಡೋಲು, ಕುದುರೆ, ಬುಗುರಿ ಎಲ್ಲ ಸಾಲಾಗಿ ಜೋಡಿಸಿದೆ. ಪಾಪಮ್ಮ ನೋಡಲಾರೆನೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಕೂಸು ಮೋಟಾರು ಹಿಡಿಯಿತು, ಬಿಟ್ಟಿತು. ಡೋಲು ಮುಟ್ಟಿತು, ಕುದುರೆ ನೋಡಿತು. ಯಾವುದನ್ನು ಹಿಡಿಯಬೇಕೋ ತಿಳಿಯದೆ ತುಟಿ ಸೊಟ್ಟ ಮಾಡಿತು. "ಲೇ ರಾಮಾಂಜಿ, ಇಲ್ನೋಡ್ಲಾ!" ಎಂದು ನಾನು ಡೋಲು ಬಾರಿಸಿದೆ. ಬೆಚ್ಚಿಬಿದ್ದು ತಿರುಗಿದವನು ನೇರ ಅಕ್ಕಯಮ್ಮನ ಮಡಿಲಿಗೆ ಹೋಗಿ ಬಿದ್ದ. ಆಕೆಯ ಕೈಯಲ್ಲಿ ಒಂದು ಕಡ್ಲೆಪುರಿಯೂ ಇರಲಿಲ್ಲ.

"ಏನಪ್ಪಾ ಮುನಿರಾಮಯ್ಯ, ಗಿರಾಕಿ ಎದುರಂಗ್ಡಿಗೆ ಹೋಯ್ತಲ್ಲ" ಎಂದರು ವೆಂಕಟರಮಣಪ್ಪನವರು. ಯಾರೂ ನಗಲಿಲ್ಲ.

ಅಕ್ಕಯಮ್ಮ ಕೂಸಿನೊಂದಿಗೆ ಹೊರಟು ಹೋಗುವವರೆಗೂ ಪಾಪಮ್ಮ ಬಾಗಿಲು ತೆಗೆಯಲಿಲ್ಲ. ಈಗ ಬಂದವರಿಗೆಲ್ಲ, "ಆಟಿಕೆ ಜಾಸ್ತಿ ಇಟ್ಟು ಮಗೂನ ಕಳೆದ್ರು" ಎನ್ನುತ್ತಾಳೆ. ನನ್ನ ಜೊತೆ ಮಾತಿಲ್ಲ. ತಟ್ಟೆಯನ್ನು ನೆಲಕ್ಕೆ ಕುಕ್ಕಿದ ಸದ್ದಿನಲ್ಲೇ ಊಟಕ್ಕೆ ಕರೆಯುತ್ತಾಳೆ.

ಭಾವನವರ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ. ಮಕ್ಕಳು ನೂರು ಕಾಲ ಬಾಳಲಿ. ನೀನು ನನ್ನನ್ನು ಹರಸು.

ನಿನ್ನ ತಮ್ಮ,
ಮುನಿರಾಮಯ್ಯ

ಮರೆತ ಮಾತು: ಮರೆತಿರಲಿಲ್ಲ ಅಕ್ಕಾ, ಮೇಲೆ ಬರೆಯಲಾಗಲಿಲ್ಲ. ಅಕ್ಕಯಮ್ಮ ಅಂದು ಉಟ್ಟಿದ್ದದ್ದು ಅನುಸೂಯಳ ಗಿಣಿಹಸಿರು ಸೀರೆ. ಬೇಕೆಂದೇ ಉಟ್ಟರೋ, ಇದ್ದ ಒಳ್ಳೆ ಸೀರೆ ಅದೊಂದೇ ಆಗಿತ್ತೋ, ನಾನು ಕೇಳಲಿಲ್ಲ. ಕೂಸು ಸೆರಗನ್ನು ಮುಖಕ್ಕೆ ಒತ್ತಿಕೊಂಡಿತು. ತಲೆಯೆತ್ತಿ ಆಕೆಯ ಮುಖ ನೋಡಿತು. ಮತ್ತೆ ಸೆರಗು ಸರಿಸಿ ಸರಿಸಿ ಹುಡುಕಿತು. ಪಾಪಮ್ಮನಿಗೆ ಇದು ತಿಳಿಯುವುದು ಬೇಡ, ಆಟಿಕೆಯ ಲೆಕ್ಕಕ್ಕೇ ನನ್ನನ್ನು ಬೈದುಕೊಂಡಿರಲಿ.

ಅಕ್ಕಯಮ್ಮನಿಗೆ ಮೊಮ್ಮಗ ಸಿಕ್ಕಿದ. ಪಾಪಮ್ಮನಿಗೆ ಬೈಯಲು ನಾನು ಸಿಕ್ಕಿದೆ. ನನಗೆ ಆಟಿಕೆ ಉಳಿದವು. ಕೂಸಿಗೆ ಅದು ಹುಡುಕಿದ್ದು ಸಿಗಲಿಲ್ಲ.