ಹಾರನ್ ಇಲ್ಲದ ಕಾರು

ಶನಿವಾರ, ಮಾರ್ಚ್ ೧೪

ನಾಳೆ ತಂಗಿಯನ್ನೂ ಅವಳ ಕೂಸನ್ನೂ ಆಸ್ಪತ್ರೆಯಿಂದ ಕರೆತರಬೇಕು. ಅಪ್ಪನ ಹಳೇ ಕಾರು ಇವತ್ತೇ ಮುಷ್ಕರ ಹೂಡಬೇಕೇ? ಕೀ ತಿರುಗಿಸಿದರೂ ಹಿಂದಿನ ಸೀಟಿನಡಿಯ ಪೆಟ್ರೋಲ್ ಪಂಪು ಗುಂಯ್ ಎನ್ನಲಿಲ್ಲ. ಫ್ಯೂಸ್ ಸರಿಯಿತ್ತು. ಹೊಸ ಪಂಪೇ ಬೇಕೆಂದು ಅಪ್ಪನ ಹಟ. ನನಗೆ ಅನುಮಾನವಿದ್ದದ್ದು ಪಂಪಿಗೆ ಕರೆಂಟ್ ಬಿಡುವ ರಿಲೇ ಎಂಬ ಪುಟ್ಟ ಡಬ್ಬಿಯ ಮೇಲೆ. ಹಾರನ್ನಿನ ರಿಲೇಯೂ ಅಂಥದ್ದೇ. ಅದನ್ನು ಕಿತ್ತು ಇಲ್ಲಿ ಚುಚ್ಚಿದೆ. ಪಂಪು ಗುಂಯ್ ಎಂದಿತು, ಕಾರು ಸ್ಟಾರ್ಟ್ ಆಯಿತು.

ಹೊಸ ರಿಲೇ ಸಿಗುವುದು ಸೋಮವಾರ. ಅಲ್ಲಿಯತನಕ ಕಾರಿಗೆ ಬಾಯಿಲ್ಲ.

ಖಾಲಿ ರಸ್ತೆಯಲ್ಲೂ ಹಾರನ್ ಒತ್ತುವ ಅಪ್ಪ, "ಹಾರನ್ ಇಲ್ದೆ ಹೇಗೆ ಓಡಿಸ್ಲಿ?" ಎಂದರು.

"ಸದ್ಯ, ಕೂಸು ನಿದ್ದೆ ಮಾಡುತ್ತೆ," ಎಂದಳು ಅಮ್ಮ.

ಕೀ ಯಾರಿಗೂ ಮುಟ್ಟಗೊಡದ ಅಪ್ಪ ಅದನ್ನು ನನ್ನ ಮುಂದಿಟ್ಟರು. "ನೀನೇ ಓಡಿಸಮ್ಮ. ನಾನು ಹಿಂದೆ ಕೂಸಿನ ಜೊತೆ ಕೂತ್ಕೋತೀನಿ."

ಕೀ ಈಗ ನನ್ನ ದಿಂಬಿನ ಪಕ್ಕದಲ್ಲಿದೆ.