ಅತ್ತೆ ಮಾರದ ನಾಲ್ಕು ಬಂಗುಡೆ

ಹಿರಿಯರ ಒಂಟಿತನವನ್ನು ಅಳೆದು ಮುಗಿಸಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ಸಮೀಕ್ಷೆಯ ಪ್ರಕಾರ ನನ್ನ ಅತ್ತೆ ಬೆಳ್ಳಿಗೆ ಒಂಟಿತನವಿಲ್ಲ, ಮನಸ್ಸೂ ಸ್ವಸ್ಥ. ಅಭಿನಂದನೆಗಳು! ಮೀನುಪೇಟೆಯಿಂದ ಅವರನ್ನು ಎಬ್ಬಿಸಿ ಮನೆಗೆ ಕಳಿಸಿದ್ದೂ ನಿಮ್ಮ ಕಚೇರಿಯೇ. ಹೊಡೆದವರೇ ಬಂದು ಗಾಯವಿಲ್ಲವೆಂದು ಬರೆದುಕೊಟ್ಟ ಹಾಗಾಯಿತು.

ಕುಂದಾಪುರದ ಬದಿಯ ನಮ್ಮೂರ ಪೇಟೆಯಲ್ಲಿ ಅತ್ತೆ ಹರೆಯದಿಂದಲೂ ಮೀನು ಮಾರಿದವರು. ಮಂಡಿನೋವು ಬಂದ ಮೇಲೆ ವ್ಯಾಪಾರ ಬಿಟ್ಟರು, ಪೇಟೆ ಬಿಡಲಿಲ್ಲ. ಖಾಲಿ ಬುಟ್ಟಿ ಹಿಡಿದು ಹೋಗಿ ಗೆಳತಿ ವನಜಕ್ಕನ ಪಕ್ಕ ಕೂರುತ್ತಿದ್ದರು. 'ವ್ಯಾಪಾರವಿಲ್ಲದವರು ಕೂರಬಾರದು' ಎಂದು ನೀವು ಬೋರ್ಡು ಹಾಕಿಸಿದಿರಿ. ಅತ್ತೆ ಬಗ್ಗುವವರೇ? ಬುಟ್ಟಿಗೆ ನಾಲ್ಕು ಬಂಗುಡೆ ಹಾಕಿಕೊಂಡು ಕುಳಿತರು. ಯಾರಾದರೂ ಕೇಳಿದರೆ ದುಬಾರಿ ಅಂಜಲ್ ಮೀನಿಗೂ ಇಲ್ಲದ ರೇಟು! "ಎಂತ ಬೆಳ್ಳಿಯಕ್ಕ, ಬಂಗುಡಿ ಹೊಟ್ಟಿ ಒಳ್ಗ್ ಬಂಗಾರ ಇತ್ತಾ?" ಎಂದು ಗಿರಾಕಿಗಳು ನಗುತ್ತಿದ್ದರು. ಮೀನು ಖರ್ಚಾದರೆ ಎದ್ದು ಹೋಗಬೇಕಲ್ಲ! ಮಧ್ಯಾಹ್ನ ಅದೇ ಬಂಗುಡೆ ನಮ್ಮ ಸಾರಿಗೆ, ನಂಚಿಕೊಳ್ಳಲು ಪೇಟೆಯ ಸುದ್ದಿ.

ಆಮೇಲೆ ಪರವಾನಗಿ ಇದ್ದವರೇ ಕೂರಬೇಕೆಂಬ ನಿಮ್ಮ ನಿಯಮ ಬಂತು, ಅತ್ತೆ ಮನೆ ಸೇರಿದರು. ಈಗ ಮಾತು ಕಡಿಮೆ, ರಾತ್ರಿ ನಿದ್ದೆಯಿಲ್ಲ, ಬಡಿಸಿದ ಮೀನು ಬಟ್ಟಲಲ್ಲೇ ಉಳಿಯುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಗಿದೆ.

ಹೀಗಿರುವಾಗ, ಎಲ್ಲರೂ ಮನೆಯಲ್ಲಿದ್ದ ಒಂದು ಭಾನುವಾರ ನಿಮ್ಮ ಸಮೀಕ್ಷೆಯ ಹುಡುಗಿ ಬಂದಳು. ನಮ್ಮ ತಲೆ ಎಣಿಸಿಕೊಂಡು, ನಮ್ಮೆದುರೇ ಕೇಳಿದಳು: "ಅಜ್ಜಿ, ನಿಮ್ಗ್ ಬೇಜಾರ್ ಆತ್ತಾ?"

ಮಗನ ಎದುರು ಹೌದೆಂದರೆ ಮಗನ ಮರ್ಯಾದೆ ಏನಾಗಬೇಕು ಸ್ವಾಮಿ? "ನಂಗೆಂತ ಬೇಜಾರ್ ಮಗಾ? ಮನಿ ತುಂಬ ಜನ ಇದ್ರ್" ಎಂದರು ಅತ್ತೆ. ನಿಮಗೆ ಅಷ್ಟು ಸಾಕಾಯಿತು. ಆ ಜನ ಬಾಕಿ ದಿನ ಎಲ್ಲಿರುತ್ತಾರೆಂದು ಕೇಳುವ ಕಾಲಮ್ಮು ನಿಮ್ಮಲ್ಲಿಲ್ಲವೇ? ಗಂಡ ಬೋಟಿನಲ್ಲಿ, ನಾನು ಗೇರುಬೀಜದ ಕಾರ್ಖಾನೆಯಲ್ಲಿ, ಮಕ್ಕಳು ಮನೆಯಲ್ಲಿದ್ದರೂ ಮೊಬೈಲಿನಲ್ಲಿ. ಹುಡುಗಿ ಅತ್ತ ಹೋದದ್ದೇ ಅತ್ತೆ ನನ್ನನ್ನು ಕೇಳಿದರು: "ಸುಗುಣ, ವನಜ ಇವತ್ತ್ ಪ್ಯಾಟಿಗ್ ಬಂದಿತ್ತಾ?"

ಔಷಧದ ವಿಚಾರ ಡಾಕ್ಟರರು ನೋಡಿಕೊಳ್ಳುತ್ತಾರೆ. ನೀವು ನಿಮ್ಮಿಂದಾಗುವುದನ್ನು ಮಾಡಿ. ವನಜಕ್ಕನ ಪಕ್ಕದಲ್ಲಿ ಒಂದು ಮಣೆಯಷ್ಟು ಜಾಗವನ್ನು ಅತ್ತೆಗೆ ವಾಪಸು ಕೊಡಿ. ಮತ್ತೆ ಒಂದು ದಿನ ನೀವೇ ಬಂದು, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಬೇಜಾರಾ ಎಂದು ಕೇಳಿ. ನಿಜವಾದ ಉತ್ತರ ಸಿಕ್ಕೀತು. ಬಂಗುಡೆ ಮಾತ್ರ ಸಿಗುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದ 'ಮನೆ ತುಂಬ ಜನ'ರಲ್ಲಿ ಒಬ್ಬಳಾದ
ಸುಗುಣ